ಮರೆವಿನ ಕ್ಲಿನಿಕ್‌ಗೆ ಐದಕ್ಕೆ ಮೂರು: ಪರೀಕ್ಷೆ ಚೆನ್ನಾಗಿತ್ತು, ಆಮೇಲಿನದ್ದೇ ತಕರಾರು

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಪರೀಕ್ಷೆ ಮಾಡಿದ ರೀತಿಗೆ ನಾಲ್ಕೂವರೆ. ಪರೀಕ್ಷೆ ಮುಗಿದ ಮೇಲೆ ಸಿಕ್ಕಿದ್ದಕ್ಕೆ ಒಂದೂವರೆ. ಎರಡೂ ಕೂಡಿಸಿ ಅರ್ಧ ಮಾಡಿದರೆ ಮೂರು. ಶಾಲೆಯ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಫೀಸಿನ ಲೆಕ್ಕ ಬರೆಯುವವಳು ನಾನು, ಇಷ್ಟು ಲೆಕ್ಕ ಬರುತ್ತದೆ.

ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ದಾವಣಗೆರೆಯಲ್ಲಿರುವ ಒಂದು ಖಾಸಗಿ ಆಸ್ಪತ್ರೆ. ವಾರಕ್ಕೊಂದು ದಿನ ಮರೆವಿನ ಕಾಯಿಲೆಗೆ ಅಂತಲೇ ಓಪಿಡಿ ಇಡುತ್ತಾರೆ. ಅಷ್ಟು ಸಾಕು. ನನ್ನ ತಕರಾರು ಅವರೊಬ್ಬರದ್ದೇ ಅಲ್ಲ ಅಂತ ಆಮೇಲೆ ಬೇರೆ ಮನೆಯವರ ಹತ್ತಿರ ಮಾತಾಡಿದಾಗ ಗೊತ್ತಾಯಿತು. ಅವರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ನಿಮ್ಮ ಮನೆಯ ಹಿರಿಯರನ್ನು ಇಂಥ ಕಡೆ ಕರೆದುಕೊಂಡು ಹೋಗುವವರಿದ್ದರೆ, ಹೊರಗೆ ಬಂದ ಮೇಲೆ ಏನೇನು ಎದುರಾಗುತ್ತದೆ ಅಂತ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಅಪ್ಪಾಜಿಗೆ ಈಗ 77. ಇಲ್ಲಿಯ ಒಂದು ಕಾಟನ್ ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ, ಅಂದರೆ ನೂಲು ತೆಗೆಯುವ ಕಡೆ ದುಡಿದವರು. ಮಿಲ್ ಮುಚ್ಚಿದ ಮೇಲೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆದರು. ಓದಿದ್ದು ಏಳನೇ ಕ್ಲಾಸು. ಅಮ್ಮ ಹೋದ ಮೇಲೆ ನಿಟುವಳ್ಳಿಯ ನಮ್ಮ ಮನೆಗೆ ಬಂದರು. ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ.

ಶುರುವಾಗಿದ್ದು ಬೆಣ್ಣೆಯಿಂದ. ಒಂದು ಭಾನುವಾರ ಬೆಳಗ್ಗೆ ಮನೆಯಲ್ಲಿ ದೋಸೆ ಹುಯ್ಯೋಣ ಅಂತ ಬೆಣ್ಣೆ ತರಲು ಕಳಿಸಿದೆ. ತಂದರು. ಅರ್ಧ ಗಂಟೆ ಬಿಟ್ಟು ಇನ್ನೊಂದು ಪೊಟ್ಟಣ ತಂದರು. ನಾನು ನಕ್ಕೆ. ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಮೂರನೆಯದು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಬೆಣ್ಣೆ ಇಲ್ಲ ಅಂದಿದ್ದಿಯಲ್ಲವ್ವಾ" ಅಂದರು. ಅವತ್ತು ನನಗೆ ನಗು ಬರಲಿಲ್ಲ. ಫ್ರಿಜ್ ತೆಗೆದು ನೋಡಿದರೆ ಕೆಳಗಿನ ತರಕಾರಿ ಡಬ್ಬಿಯಲ್ಲಿ ಹಿಂದಿನ ವಾರದ್ದು ಇನ್ನೂ ಎರಡು ಇದ್ದವು.

ನೆಂಟರಿಗೆ ಹೇಳಿದರೆ ಒಂದೇ ಮಾತು: ಅರವತ್ತಕ್ಕೆ ಅರಳು ಮರಳು. ಈ ಗಾದೆಯಿಂದ ನಮಗೆ ಒಂದು ವರ್ಷ ದಂಡವಾಯಿತು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ ಅನ್ನುವ ಈ ಮರೆವಿನ ಕಾಯಿಲೆ ಇದೆ, ಅಂದರೆ ಸುಮಾರು 88 ಲಕ್ಷ ಮಂದಿ ಅಂತ ಲೆಕ್ಕ ಹಾಕಿದ್ದಾರೆ. ಜಾಸ್ತಿಯೇ ಸರಿ. ಆದರೆ ನೂರರಲ್ಲಿ ತೊಂಬತ್ತೆರಡು ಮೂರು ಜನಕ್ಕೆ ಇಲ್ಲ ಅಂತಲೂ ಆಯಿತಲ್ವಾ? ವಯಸ್ಸಾದರೆ ಬರುವುದೇ ಅದು ಅನ್ನುವುದಾದರೆ ಎಲ್ಲರಿಗೂ ಬರಬೇಕಿತ್ತು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಬೇರೆ. ಬೆಣ್ಣೆ ತಂದದ್ದೇ ನೆನಪಿಂದ ಹೋಗುವುದು ಬೇರೆ.

ಇನ್ನು ಕ್ಲಿನಿಕ್ ವಿಷಯ. ಟೋಕನ್ ಒಂಬತ್ತು ಗಂಟೆಗೆ ಕೊಟ್ಟರು, ಕರೆದಿದ್ದು ಹನ್ನೊಂದಕ್ಕೆ. ಆ ಎರಡು ಗಂಟೆಯಲ್ಲಿ ಅಪ್ಪಾಜಿ ಸುಸ್ತಾದರು. ಹೋಗುವಾಗ ಚುರುಮುರಿಯೋ ಬಿಸ್ಕತ್ತೋ, ಒಂದು ಬಾಟಲಿ ನೀರೋ ಇಟ್ಟುಕೊಂಡು ಹೋಗಿ. ಹಸಿದ ಹೊಟ್ಟೆಯಲ್ಲಿ ನನಗೂ ನೂರರಿಂದ ಏಳು ಕಳೆಯಲು ಬರುವುದಿಲ್ಲ.

ಮೊದಲು ಡಾಕ್ಟರು ನನ್ನನ್ನೇ ಕೂರಿಸಿಕೊಂಡು ಕೇಳಿದರು. ಯಾವಾಗಿನಿಂದ, ನಿಧಾನಕ್ಕೋ ಒಮ್ಮೆಲೇನೋ, ದುಡ್ಡಿನ ಲೆಕ್ಕ ಮಾಡುತ್ತಾರಾ, ದಾರಿ ತಪ್ಪಿದ್ದಾರಾ, ಇಲ್ಲದವರು ಕಾಣುತ್ತಾರೆ ಅನ್ನುತ್ತಾರಾ, ಬಿದ್ದಿದ್ದಾರಾ, ಬೇಜಾರಲ್ಲಿ ಇರುತ್ತಾರಾ, ಯಾವ ಯಾವ ಮಾತ್ರೆ ನುಂಗುತ್ತಾರೆ. ಒಳ್ಳೆಯ ಪ್ರಶ್ನೆಗಳು. ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡು ಹೋಗಿದ್ದೆ, ಬಹಳ ಉಪಯೋಗಕ್ಕೆ ಬಂತು. ಅಲ್ಲಿ ಕೂತಾಗ ಏನೂ ನೆನಪಾಗುವುದಿಲ್ಲ, ನಮಗೇ ಮರೆವು ಬಂದಂಗಾಗುತ್ತದೆ.

ಆಮೇಲೆ ಸೈಕಾಲಜಿಸ್ಟ್ ಹುಡುಗಿ ಅಪ್ಪಾಜಿಯನ್ನು ಒಳಗೆ ಕರೆದುಕೊಂಡಳು. ಮುಕ್ಕಾಲು ಗಂಟೆ. ಪೂರ್ತಿ ಕನ್ನಡದಲ್ಲೇ. ನೂರು ಅಂಕದ ಪರೀಕ್ಷೆ ಅದು. ಕನ್ನಡಕ್ಕೆ ಹೊಂದಿಸಿ ಮಾಡಿದ್ದು ಇದೆ, ಸುಮ್ನೆ ಇಂಗ್ಲಿಷಿನದನ್ನು ಬಾಯಲ್ಲಿ ತಿರುಗಿಸಿ ಕೇಳುವುದಲ್ಲ. ನೀವು ಹೋದ ಕಡೆ ಇದೊಂದು ಮಾತು ಕೇಳಿ: ಪರೀಕ್ಷೆ ಕನ್ನಡದ್ದಾ? ಓದು ಕಡಿಮೆ ಇರುವವರಿಗೆ ಹೊಂದುತ್ತದಾ? ಏಳನೇ ಕ್ಲಾಸಿನವರಿಗೂ ಪ್ರೊಫೆಸರ್‌ಗೂ ಒಂದೇ ಗೆರೆ ಎಳೆದರೆ ನ್ಯಾಯ ಅಲ್ಲ.

ನನ್ನನ್ನು ಮೂಲೆಯಲ್ಲಿ ಕೂರಲು ಬಿಟ್ಟರು, ಮಾತಾಡಬಾರದು ಅಂತ ಹೇಳಿ. ಅದೇ ಕಷ್ಟವಾಯಿತು.

"ನಾವು ಈಗ ಯಾವ ಜಿಲ್ಲೆಯಲ್ಲಿದ್ದೇವೆ?"

"ಚಿತ್ರದುರ್ಗ ಜಿಲ್ಲೆ."

ಆ ಹುಡುಗಿ ಸೊನ್ನೆ ಹಾಕಿದಳು. ನನಗೆ ಬಾಯಿ ತುದಿಗೆ ಬಂತು. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅಲ್ಲಿಯವರೆಗೆ ಚಿತ್ರದುರ್ಗ ಜಿಲ್ಲೆಯೇ. ಅಪ್ಪಾಜಿಯ ಅರ್ಧಕ್ಕಿಂತ ಜಾಸ್ತಿ ಆಯಸ್ಸು, ಮದುವೆ, ಮಿಲ್ಲು, ನಾವಿಬ್ಬರು ಹುಟ್ಟಿದ್ದು, ಎಲ್ಲ ಆ ವಿಳಾಸದಲ್ಲೇ. ಹೊರಗೆ ಬಂದ ಮೇಲೆ ಅವಳಿಗೆ ಹೇಳಿದೆ. "ಅವರು ಹೇಳಿದ್ದು ಸುಳ್ಳಲ್ಲ ಮೇಡಂ, ಆದರೆ ಇವತ್ತಿನದಲ್ಲ. ಈ ಕಾಯಿಲೆಯಲ್ಲಿ ಹೊಸದು ಮೊದಲು ಹೋಗುತ್ತೆ, ಹಳೆಯದು ಉಳಿಯುತ್ತೆ" ಅಂದಳು. ಅಂಕ ಮಾತ್ರ ಕೊಡಲಿಲ್ಲ.

ನೂರರಿಂದ ಏಳೇಳು ಕಳೆಯುವುದನ್ನು ಅಪ್ಪಾಜಿ ಮಗ್ಗಿ ಹೇಳಿದಂಗೆ ಹೇಳಿದರು. 93, 86, 79, 72, 65. ಅವಳು ಸಾಕು ಅಂದರೂ 58 ಅಂದು ನಿಲ್ಲಿಸಿದರು. ಮಂಡಿಪೇಟೆಯ ಲೆಕ್ಕ ಇನ್ನೂ ಬೆರಳ ತುದಿಯಲ್ಲಿತ್ತು. ಆದರೆ ಐದು ನಿಮಿಷ ಮುಂಚೆ ಹೇಳಿಕೊಟ್ಟ ಹೆಸರು, ವಿಳಾಸ ಕೇಳಿದಾಗ, "ಯಾವ ವಿಳಾಸ?" ಅಂತ ನನ್ನ ಮುಖ ನೋಡಿದರು. ಮರೆತಿದ್ದಲ್ಲ. ಹೇಳಿಕೊಟ್ಟಿದ್ದೇ ಅವರ ಪಾಲಿಗೆ ನಡೆದಿರಲಿಲ್ಲ.

ಗಡಿಯಾರ ಬರೆಯಲು ಹೇಳಿದರು. ವೃತ್ತ ಚೆನ್ನಾಗಿಯೇ ಬಂತು. ಅಂಕಿಗಳೆಲ್ಲ ಬಲಗಡೆಗೆ ಒತ್ತಿಕೊಂಡು ಕೂತವು, ಎಡಗಡೆ ಖಾಲಿ. ಮುಳ್ಳು ಇಂಥ ಸಮಯಕ್ಕೆ ಇಡಿ ಅಂದರೆ ಏಳಕ್ಕೊಂದು ಮೂರಕ್ಕೊಂದು ಎಳೆದರು. "ಮೊದಲ್ನೇ ಪಾಳಿ" ಅಂದರು. ಏಳರಿಂದ ಮೂರು. ಆ ಹಾಳೆಯನ್ನು ಫೈಲಿನಲ್ಲಿ ಹಾಕಿಕೊಂಡುಬಿಟ್ಟರು. ಒಂದು ಫೋಟೋ ತೆಗೆದುಕೊಳ್ಳಬೇಕಿತ್ತು.

ಇಲ್ಲಿ ಅರ್ಧ ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣ ಹೇಳಿಬಿಡುತ್ತೇನೆ. ಪರೀಕ್ಷೆ ಮಾಡಿದ ರೂಮಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಹೊರಗೆ ಟೋಕನ್ ನಂಬರ್ ಕೂಗುತ್ತಲೇ ಇರುತ್ತಾರೆ. ಅಪ್ಪಾಜಿಗೆ ಕಿವಿ ಮಂದ. ಸ್ಪಿನ್ನಿಂಗ್ ಖಾತೆಯ ಆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರನ್ನು ಕೇಳಿ ನೋಡಿ, ಬಹಳ ಜನಕ್ಕೆ ಹಂಗೇ. ಅವಳು ಹೇಳಿದ ಮೂರು ಪದದಲ್ಲಿ ಒಂದು ಅವರಿಗೆ ಕೇಳಿಸಿರಲೇ ಇಲ್ಲ ಅನ್ನುವುದು ನನಗೆ ಖಾತ್ರಿ. ಕೇಳಿಸದೇ ಇರುವುದನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಕಿವಿ, ಕಣ್ಣು ಎರಡನ್ನೂ ಮೊದಲು ತೋರಿಸಿಕೊಂಡು, ಆಮೇಲೆ ಮರೆವಿನ ಪರೀಕ್ಷೆಗೆ ಹೋಗಬೇಕು. ಇದನ್ನು ಟೋಕನ್ ಕೊಡುವ ಕೌಂಟರಿನಲ್ಲೇ ಹೇಳಬಹುದಿತ್ತು.

ಅವತ್ತು ಬಂದಿದ್ದು ನೂರಕ್ಕೆ 58.

ಅವತ್ತೇ ಕಾಯಿಲೆಯ ಹೆಸರು ಹೇಳಿಬಿಡುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ. ಅದು ಸರಿಯಾದದ್ದೇ ಅಂತ ಈಗ ಅನ್ನಿಸುತ್ತದೆ. ರಕ್ತ ಪರೀಕ್ಷೆ ಬರೆದುಕೊಟ್ಟರು: ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಕಿಡ್ನಿ, ಲಿವರ್. ತಲೆಯ ಎಂಆರ್‌ಐ. ಒಂದು ಇಸಿಜಿ. ಇವೆಲ್ಲ ದುಡ್ಡು ಮಾಡುವುದಕ್ಕೆ ಅಂತ ನಮ್ಮನೆಯವರು ಗೊಣಗಿದರು. ಅಲ್ಲ. ಥೈರಾಯ್ಡ್ ಕಡಿಮೆಯಾದರೂ ಮರೆವು ಬರುತ್ತದೆ, ಬಿ12 ಕಡಿಮೆಯಾದರೂ ಬರುತ್ತದೆ, ಮನಸ್ಸಿಗೆ ಖಿನ್ನತೆ ಹಿಡಿದರೂ ಬರುತ್ತದೆ. ಬಿದ್ದಾಗ ತಲೆಯೊಳಗೆ ರಕ್ತ ಕಟ್ಟಿಕೊಂಡಿದ್ದರೂ ಬರುತ್ತದೆ. ಇವೆಲ್ಲ ಔಷಧಿಯಿಂದಲೋ ಆಪರೇಷನ್‌ನಿಂದಲೋ ಸುಧಾರಿಸುವಂಥವು. ಮೊದಲು ಇವನ್ನು ಜರಡಿ ಹಿಡಿಯಬೇಕು. ನಮಗೆ ಎಲ್ಲ ಸೇರಿ ಹನ್ನೊಂದು ಸಾವಿರ ಚಿಲ್ಲರೆ ಆಯಿತು. ಅದರಲ್ಲಿ ಎಂಆರ್‌ಐದೇ ಜಾಸ್ತಿ.

ದುಡ್ಡಿಗೆ ಕಷ್ಟ ಇರುವವರು ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಕಾಯಿಲೆಗೆ ಅಂತ ಕ್ಲಿನಿಕ್ ನಡೆಸುವುದು ಅದರ ಉದ್ದೇಶ. ನನಗೆ ಆಗ ಇದು ಗೊತ್ತಿರಲಿಲ್ಲ.

ಹತ್ತು ದಿನ ಬಿಟ್ಟು ರಿಪೋರ್ಟ್ ಹಿಡಿದುಕೊಂಡು ಹೋದೆವು. ಬಿ12 ತುಂಬಾ ಕಡಿಮೆ ಇತ್ತು, 142. ಕಡಿಮೆ ಅಂದರೂ ಇನ್ನೂರಾದರೂ ಇರಬೇಕಂತೆ. ನಮ್ಮದು ಮಾಂಸ ಮೊಟ್ಟೆ ಮುಟ್ಟದ ಮನೆ. ಅಮ್ಮ ಹೋದ ಮೇಲೆ ಅಪ್ಪಾಜಿ ಹಾಲು ಮೊಸರೂ ಕಡಿಮೆ ಮಾಡಿದ್ದರು. ಇಂಜೆಕ್ಷನ್ ಕೊಟ್ಟು, ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡೋಣ ಅಂದರು.

ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಹಬ್ಬ. ತಮ್ಮ ಬೆಂಗಳೂರಿನಿಂದ ದಿನಾ ಫೋನ್ ಮಾಡುತ್ತಿದ್ದ. "ಅಕ್ಕಾ, ಬರೀ ಬಿ12 ಕಣೆ, ಏನೂ ಇಲ್ಲ" ಅಂತ. ನಾನೂ ನಂಬಿದೆ. ಈ ಮಧ್ಯೆ ಕಿವಿ ಪರೀಕ್ಷೆ ಮಾಡಿಸಿ ಮಷೀನ್ ಹಾಕಿಸಿದೆವು. ಅಪ್ಪಾಜಿ ಸ್ವಲ್ಪ ಗೆಲುವಾದರು. ಬೀಗರ ಮನೆಯ ಮದುವೆಯಲ್ಲಿ ನಾಲ್ಕು ಜನರ ಜೊತೆ ಮಾತಾಡಿದರು. ಮೂರು ತಿಂಗಳ ಮೇಲೆ ಬಿ12 ಸರಿಯಾಗಿತ್ತು. ಅಂಕ 63 ಬಂತು. ಆದರೆ ಆ ಹೆಸರು, ವಿಳಾಸ ಈ ಸಲವೂ ಬರಲಿಲ್ಲ. ಒಂದೇ ಒಂದು ಪದವೂ.

ನನ್ನ ಒಂದೂವರೆ ಸ್ಟಾರಿನ ಭಾಗ ಶುರುವಾಗುವುದು ಇಲ್ಲಿಂದ.

ಡಾಕ್ಟರು ಎಂಆರ್‌ಐ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ನೆನಪಿಗೆ ಬೇಕಾದ ಜಾಗ, ಹಿಪ್ಪೊಕ್ಯಾಂಪಸ್ ಅನ್ನುತ್ತಾರೆ, ಅದು ಕುಗ್ಗಿದೆ. ಬಿಪಿಯಿಂದ ಸಣ್ಣ ರಕ್ತನಾಳಗಳಲ್ಲೂ ತೊಂದರೆ ಕಾಣುತ್ತದೆ. "ಮಿಕ್ಸೆಡ್ ಡಿಮೆನ್ಷಿಯಾ. ಆಲ್ಜೈಮರ್ಸ್ ಜೊತೆಗೆ ರಕ್ತನಾಳದ್ದೂ ಇದೆ. ಈ ಮಾತ್ರೆ ಶುರು ಮಾಡಿ. ಗುಣ ಆಗಲ್ಲ, ಸ್ವಲ್ಪ ದಿನ ಹಿಡಿದಿಡುತ್ತೆ. ಮೂರು ತಿಂಗಳ ಮೇಲೆ ಬನ್ನಿ." ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಎಂಟು ನಿಮಿಷ. ಮುಂದಿನ ಟೋಕನ್ ಕೂಗಿಯಾಗಿತ್ತು.

ಎಂಟೂ ನಿಮಿಷ ಮಾತಾಡಿದ್ದು ನನ್ನ ಜೊತೆ. ಪಕ್ಕದ ಕುರ್ಚಿಯಲ್ಲಿ ಕೂತ ಅಪ್ಪಾಜಿಯ ಕಡೆಗೆ ಒಂದು ಸಲವೂ ತಿರುಗಲಿಲ್ಲ. ಆಟೋದಲ್ಲಿ ಬರುವಾಗ ಜಯದೇವ ಸರ್ಕಲ್ ಹತ್ತಿರ ಸಿಗ್ನಲ್ ಬಿತ್ತು. ಅಪ್ಪಾಜಿ ಕೇಳಿದರು: "ಡಾಕ್ಟ್ರು ನನ್ ಸುದ್ದಿ ಮಾತಾಡಿದ್ರೋ, ನಿನ್ ಸುದ್ದಿನೋ?"

ಏನು ಹೇಳಲಿ? ಹೇಳಬೇಕೋ ಬೇಡವೋ, ಹೇಳುವುದಾದರೆ ಯಾವ ಮಾತಿನಲ್ಲಿ, ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. "ನಿಮ್ಮ ನೆನಪಿನ ಶಕ್ತಿ ಸ್ವಲ್ಪ ಕಡಿಮೆ ಆಗೇತಂತೆ ಅಪ್ಪಾಜಿ, ಮಾತ್ರೆ ಕೊಟ್ಟಾರೆ" ಅಂದೆ. "ಹೌದು, ನಂಗೂ ಗೊತ್ತು" ಅಂದರು. ಅಷ್ಟೇ. ಆಮೇಲೆ ದೋಸೆ ತಿನ್ನೋಣ ಅಂದರು. ಹೋಟೆಲಿನಲ್ಲಿ ಎರಡು ದೋಸೆ ತಿಂದು, ಪಲ್ಯ ಇನ್ನೊಂದು ಸಲ ಹಾಕಿಸಿಕೊಂಡರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಅವರಿಗೆ ಗೊತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಮಾತ್ರೆಯ ವಿಷಯ. ಡೊನೆಪೆಜಿಲ್ 5 ಮಿಲಿಗ್ರಾಂ, ರಾತ್ರಿ ಒಂದು. ಅಡ್ಡ ಪರಿಣಾಮ ಏನಾದರೂ ಇದೆಯಾ ಅಂತ ಕೇಳಿದ್ದಕ್ಕೆ "ಏನಿಲ್ಲ" ಅಂದಿದ್ದರು. ಮೊದಲ ವಾರ ಹೊಟ್ಟೆ ಸಡಿಲವಾಯಿತು, ಊಟ ಸೇರಲಿಲ್ಲ. ಅದಕ್ಕಿಂತ ಕನಸು. ರಾತ್ರಿ ಎರಡಕ್ಕೆ ಎದ್ದು, ದಾರ ಕಡಿದಿದೆ, ಯಾರೂ ನೋಡುತ್ತಿಲ್ಲ ಅಂತ ಕೂಗಿದರು. ಕೈ ಗಾಳಿಯಲ್ಲಿ ಎಳೆ ಜೋಡಿಸುತ್ತಿತ್ತು. ಫೋನ್ ಮಾಡಿದರೆ ಕ್ಲಿನಿಕ್‌ನಲ್ಲಿ ಎತ್ತುವವರಿಲ್ಲ, ಮುಂದಿನ ಓಪಿಡಿ ದಿನವೇ ಬನ್ನಿ ಅಂತ ರಿಸೆಪ್ಷನ್. ಮೆಡಿಕಲ್ ಶಾಪಿನವರು ಚೀಟಿ ನೋಡಿ, "ಇದನ್ನ ಬೆಳಗ್ಗೆ ತಿಂಡಿ ಆದ್ಮೇಲೆ ಕೊಡಬಹುದಾ ಅಂತ ಡಾಕ್ಟರನ್ನ ಕೇಳಿ ನೋಡಿ" ಅಂದರು. ಕೇಳಿದೆ. ಹೌದು, ಕೊಡಬಹುದು. ಬೆಳಗ್ಗೆಗೆ ಬದಲಾಯಿಸಿದ ಮೇಲೆ ಕನಸು ನಿಂತಿತು. ಹೊಟ್ಟೆಯೂ ಹದಿನೈದು ದಿನಕ್ಕೆ ಸರಿಹೋಯಿತು. ಇದು ಮೊದಲೇ ಹೇಳಬಹುದಾದ ಒಂದು ವಾಕ್ಯ. ಈ ಮಾತ್ರೆಯಿಂದ ಕೆಲವರಿಗೆ ನಾಡಿ ನಿಧಾನವಾಗುತ್ತದೆ, ಇಸಿಜಿ ತೆಗೆಸಿದ್ದು ಅದಕ್ಕೇ ಅಂತಲೂ ಆಮೇಲೆ ತಿಳಿಯಿತು. ತಲೆ ಸುತ್ತಿ ಬಿದ್ದರೆ ತಡ ಮಾಡಬೇಡಿ.

ಮಾತ್ರೆಯಿಂದ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ನೆನಪು ವಾಪಸ್ ಬರಲಿಲ್ಲ. ಬರುವುದೂ ಇಲ್ಲ. ಮಾತಿನ ಮಧ್ಯೆ ಖಾಲಿ ನೋಡುತ್ತಾ ಕೂರುವುದು ಸ್ವಲ್ಪ ಕಡಿಮೆಯಾಗಿದೆ. ಕೆಲವರಿಗೆ ಅಷ್ಟೂ ಆಗುವುದಿಲ್ಲವಂತೆ. ಅದೇ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದಾ ಅಂತ ಒಂದು ಸಲ ವಿಚಾರಿಸಿ. ಇದು ತಿಂಗಳು ತಿಂಗಳು ಬರುವ ಖರ್ಚು.

ತಮ್ಮ ನಿಮ್ಹಾನ್ಸ್‌ಗೆ ಕರೆದುಕೊಂಡು ಬಾ ಅಂದ. 260 ಕಿಲೋಮೀಟರ್. ಅಪ್ಪಾಜಿಗೆ ಹೊಸ ಜಾಗದಲ್ಲಿ ಒಂದು ರಾತ್ರಿ ಕಳೆಯುವುದೇ ಕಷ್ಟ. ವಯಸ್ಸು ಇನ್ನೂ 65 ಆಗಿಲ್ಲದಿದ್ದರೆ, ತಿಂಗಳುಗಳಲ್ಲೇ ಜೋರಾಗಿ ಕೆಟ್ಟರೆ, ಇಲ್ಲದ್ದು ಕಾಣಲು ಶುರುವಾದರೆ ದೊಡ್ಡ ಕಡೆ ಹೋಗಲೇಬೇಕು. ಅಪ್ಪಾಜಿಯದ್ದು ಅಂಥದ್ದಲ್ಲ. ಹೋಗಲಿಲ್ಲ. ತಮ್ಮನಿಗೆ ಇನ್ನೂ ಸಿಟ್ಟಿದೆ.

ನಾನು ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ, ಆ ಸೈಕಾಲಜಿಸ್ಟ್ ಹುಡುಗಿಯನ್ನು ಒಬ್ಬಳೇ ಹೋಗಿ ಕಂಡಿದ್ದು. ಹಂಗೊಂದು ಭೇಟಿ ಇದೆ ಅಂತ ಯಾರೂ ಹೇಳಿರಲಿಲ್ಲ. ಬಿಲ್ ಕೌಂಟರಿನ ಗೋಡೆಗೆ ಅಂಟಿಸಿದ ದರಪಟ್ಟಿಯಲ್ಲಿ "ಕುಟುಂಬ ಸಲಹೆ, 500" ಅಂತ ಇತ್ತು. ನಾನು ಲೆಕ್ಕದವಳಲ್ವಾ, ದರಪಟ್ಟಿ ಎಲ್ಲಿದ್ದರೂ ಓದುತ್ತೇನೆ. ಆ ಐನೂರು ರೂಪಾಯಿಗೆ ಸಿಕ್ಕಿದ್ದು ಎಂಆರ್‌ಐಗೂ ಸಿಕ್ಕಿರಲಿಲ್ಲ. ನಲವತ್ತು ನಿಮಿಷ ಕೂರಿಸಿಕೊಂಡು ಮಾತಾಡಿದಳು.

ಮೊದಲನೆಯದು, "ನೆನಪಿದೆಯಾ?" ಅಂತ ಕೇಳುವುದನ್ನು ಬಿಡಿ ಅಂದಳು. ನಾನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದೆ. ಇವರು ಯಾರು ಹೇಳಿ ನೋಡೋಣ, ಬೆಳಗ್ಗೆ ಏನು ತಿಂದ್ರಿ ಹೇಳಿ ನೋಡೋಣ. ಮನೆಯನ್ನೇ ಪರೀಕ್ಷೆಯ ರೂಮು ಮಾಡಿದ್ದೆ. ಈಗ ನಾನೇ ಮೊದಲು ಹೇಳಿಬಿಡುತ್ತೇನೆ: "ಅಪ್ಪಾಜಿ, ಹರಿಹರದ ಚಿಕ್ಕಪ್ಪ ಬಂದಾರೆ." ಅವರ ಮುಖ ಸಡಿಲವಾಗುವುದು ಕಾಣುತ್ತದೆ.

ಗಾಡಿಯ ವಿಷಯ ಅವಳೇ ಕೇಳಿದಳು. ಅಪ್ಪಾಜಿಯ ಹಳೆಯ ಟಿವಿಎಸ್ ಎಕ್ಸೆಲ್ ಇನ್ನೂ ಅವರ ಕೈಯಲ್ಲೇ ಇತ್ತು. ಹದಡಿ ರಸ್ತೆಯ ಆ ಲಾರಿಗಳ ಮಧ್ಯೆ! ಡಾಕ್ಟರು ಆ ಸುದ್ದಿಯನ್ನೇ ಎತ್ತಿರಲಿಲ್ಲ. ಕೀಲಿ ಕಸಿದುಕೊಂಡರೆ ಜಗಳ ಆಗುತ್ತೆ ಅಂದೆ. ರಿಪೇರಿಗೆ ಹೋಗಿದೆ ಅನ್ನಿ ಅಂದಳು. ನಾಲ್ಕು ತಿಂಗಳಿಂದ ಅದು ರಿಪೇರಿಯಲ್ಲೇ ಇದೆ. ಪಕ್ಕದ ಮನೆಯವರ ಶೆಡ್ಡಿನಲ್ಲಿ. ದಿನಾ ಒಂದು ಸಲ ಕೇಳುತ್ತಾರೆ, ಮೆಕ್ಯಾನಿಕ್ಕನ್ನು ಬೈಯುತ್ತಾರೆ. ಸುಳ್ಳು ಹೇಳುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ದುಡ್ಡು, ಕಾಗದ ಪತ್ರ ಬೇಗ ಸರಿ ಮಾಡಿಕೊಳ್ಳಿ ಅಂತಲೂ ಅವಳೇ ಎಚ್ಚರಿಸಿದ್ದು. ಆಮೇಲೆ ವಕೀಲರನ್ನು ಕಂಡೆವು. ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಎಲ್ಲ ಆಯಿತು ಅಂತ ನಾವು ಅಂದುಕೊಂಡಿದ್ದೆವು. ಬರೆದುಕೊಟ್ಟವರಿಗೆ ತಿಳಿವಳಿಕೆ ಹೋದ ಮೇಲೆ ಅದು ನಡೆಯುವುದಿಲ್ಲವಂತೆ. ಅಂದರೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಉಯಿಲು ಬರೆಯುವುದಿದ್ದರೆ ಅವರಿಗೆ ಅರ್ಥವಾಗುವ ಈಗಲೇ, ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಂಡು ಬರೆಯಬೇಕು. ಬ್ಯಾಂಕಿನಲ್ಲಿ ಅಪ್ಪಾಜಿಯ ಖಾತೆಗೆ ನನ್ನ ಹೆಸರನ್ನೂ ಸೇರಿಸಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದು ಅಂತ ಮಾಡಿಸಿದೆವು. ನಾಮಿನಿ ಹೆಸರು ನೋಡಿದರೆ ಇನ್ನೂ ಅಮ್ಮನದೇ ಇತ್ತು. ಮಿಲ್ಲಿನ ಪಿಎಫ್ ಪಿಂಚಣಿ ಬಹಳ ಸಣ್ಣದು, ಆದರೂ ವರ್ಷಕ್ಕೊಮ್ಮೆ ಜೀವಂತ ಇದ್ದಾರೆ ಅಂತ ಪ್ರಮಾಣ ಪತ್ರ ಕೊಡಬೇಕು. ಅದರ ತಾರೀಖು ಇನ್ನು ನನ್ನ ತಲೆಯಲ್ಲಿರಬೇಕು.

ಒಮ್ಮೆಲೇ, ಒಂದೆರಡು ದಿನದಲ್ಲಿ ತೀರಾ ಗೊಂದಲ ಜಾಸ್ತಿಯಾದರೆ ಕಾಯಿಲೆ ಏರಿತು ಅಂತ ಸುಮ್ನೆ ಕೂರಬೇಡಿ ಅಂದಳು. ಮೂತ್ರದ ಸೋಂಕು, ಜ್ವರ, ಮಲಬದ್ಧತೆ, ಹೊಸ ಮಾತ್ರೆ, ಏನಾದರೂ ಇರುತ್ತದೆ. ದೀಪಾವಳಿ ಆದ ಮೇಲೆ ನಮಗೆ ಇದು ಆಗಿಯೇಬಿಟ್ಟಿತು. ಮೂತ್ರದ ಸೋಂಕು. ಐದು ದಿನದ ಔಷಧಿಗೆ ಅಪ್ಪಾಜಿ ಮೊದಲಿನಂತಾದರು. ಅವಳು ಹೇಳಿರದಿದ್ದರೆ ನಾನು ಖಂಡಿತ ಸುಮ್ನೆ ಕೂತಿರುತ್ತಿದ್ದೆ.

ಕೊನೆಗೆ ನನ್ನನ್ನೇ ಕೇಳಿದಳು: "ನೀವು ರಾತ್ರಿ ಎಷ್ಟು ಗಂಟೆ ಮಲಗ್ತೀರಾ ಮೇಡಂ?" ನನಗೆ ಅಳು ಬಂದುಬಿಟ್ಟಿತು. ಆರು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ ಇರುತ್ತದೆ, ನೋಡಿಕೊಳ್ಳುವವರೂ ಮಾತಾಡಬಹುದು ಅಂದಳು. ಹಿರಿಯರ ಸಹಾಯವಾಣಿ 14567. ಎರಡನ್ನೂ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೇನೆ. 14416ಕ್ಕೆ ಒಂದು ರಾತ್ರಿ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು.

ಇಷ್ಟೆಲ್ಲ ಮಾಡಿ ಹೊರಡುವಾಗ ಅವಳು ಒಂದು ಪುಸ್ತಿಕೆ ಕೊಟ್ಟಳು. ಆರು ಪುಟ. ಮನೆಯವರು ಏನು ಮಾಡಬೇಕು ಅಂತ. ಪೂರ್ತಿ ಇಂಗ್ಲಿಷ್! ಪರೀಕ್ಷೆ ಕನ್ನಡದಲ್ಲಿ ಮಾಡುವವರು, ಮನೆಯಲ್ಲಿ ದಿನಾ ನೋಡಿಕೊಳ್ಳುವವರಿಗೆ ಇಂಗ್ಲಿಷ್ ಹಾಳೆ ಕೊಡುತ್ತಾರೆ. ಹಗಲು ಅಪ್ಪಾಜಿಯ ಹತ್ತಿರ ಇರುವ ರತ್ನಮ್ಮಗೆ ಅದರಿಂದ ಏನು ಪ್ರಯೋಜನ? ನಾನೇ ಎರಡು ಭಾನುವಾರ ಕೂತು ಕನ್ನಡದಲ್ಲಿ ಬರೆದೆ. ಜೆರಾಕ್ಸ್ ಮಾಡಿಸಿ ರತ್ನಮ್ಮಗೆ ಒಂದು, ತಮ್ಮನಿಗೆ ಒಂದು, ಕ್ಲಿನಿಕ್‌ಗೂ ಒಂದು ಕೊಟ್ಟು ಬಂದೆ. ನೋಡುತ್ತೇವೆ ಅಂದರು.

ಸಂಜೆ ಹೊತ್ತು ಕಷ್ಟವಾಗುತ್ತದೆ ಅಂತ ಆ ಪುಸ್ತಿಕೆಯಲ್ಲಿ ಇತ್ತು, ನಿಜ. ದೀಪ ಹಚ್ಚುವ ಹೊತ್ತಿಗೆ ಅಪ್ಪಾಜಿ ಎದ್ದು ಅಂಗಿ ಹಾಕಿಕೊಳ್ಳುತ್ತಾರೆ. "ನಡಿಯವ್ವಾ, ಮನಿಗೆ ಹೋಗಾನ." ಇದೇ ಮನೆ ಅಂತ ನಾನು ವಾದ ಮಾಡುತ್ತಿದ್ದೆ. ಆಧಾರ್ ಕಾರ್ಡಿನ ವಿಳಾಸ ತೋರಿಸುತ್ತಿದ್ದೆ, ನನ್ನ ಬುದ್ಧಿಗೆ ಏನು ಹೇಳಲಿ. ಅವರ ಕೈಗೆ ಗೊತ್ತಿರುವ ಕೆಲಸ ಕೊಡಿ ಅಂತ ಒಂದು ಸಾಲು ಇತ್ತು. ಏನು ಕೊಡುವುದು? ಒಂದು ಸಂಜೆ ದೇವರ ಮನೆಯ ಹತ್ತಿ ಮುಗಿದಿತ್ತು. ಅಂಗಡಿಯಿಂದ ಒಂದು ಸುರುಳಿ ತಂದು, ಬತ್ತಿ ಹೊಸೆದು ಕೊಡ್ತೀರಾ ಅಪ್ಪಾಜಿ ಅಂದೆ.

ಹತ್ತಿಯನ್ನು ಕೈಗೆ ತೆಗೆದುಕೊಂಡರು. ಒಂದು ಚಿಟಿಕೆ ಕಿತ್ತು, ಎರಡು ಹೆಬ್ಬೆರಳ ಮಧ್ಯೆ ಹಿಡಿದು ಮೆಲ್ಲಗೆ ಎಳೆದರು. ಬೆಳಕಿಗೆ ಹಿಡಿದು ನೋಡಿದರು. "ಎಳೆ ಗಿಡ್ಡ ಐತೆ. ಎಷ್ಟು ಕೊಟ್ಟೆ ಇದಕ್ಕೆ?" ಮೂವತ್ತು ಅಂದೆ. "ಮೋಸ ಮಾಡ್ಯಾನೆ" ಅಂದರು. ಅಂಗಿಯ ಗುಂಡಿ ಬಿಚ್ಚಿ ಗೋಡೆಗೆ ಒರಗಿ ಕೂತರು. ಎಂಟು ಗಂಟೆಯವರೆಗೆ ಹೊಸೆದರು. ಎಲ್ಲ ಒಂದೇ ಉದ್ದ, ಒಂದೇ ದಪ್ಪ. ಈಗ ನಮ್ಮ ಬೀದಿಯ ಎಲ್ಲ ಮನೆಯಲ್ಲೂ ಅಪ್ಪಾಜಿಯ ಬತ್ತಿಯೇ ಉರಿಯುತ್ತದೆ. ದುರ್ಗಮ್ಮನ ಗುಡಿಗೂ ಒಂದು ಡಬ್ಬಿ ಕೊಟ್ಟು ಬಂದಿದ್ದೇನೆ. ಪ್ರತಿ ಸಂಜೆ ನಡೆಯುತ್ತದೆ ಅಂತಲ್ಲ. ಕೆಲವು ಸಂಜೆ ಹತ್ತಿಯನ್ನು ಬಿಸಾಕಿ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಆಗ ಅವರ ಜೊತೆ ಒಂದು ಸುತ್ತು ಹೋಗಿ, ತಿರುಗಿ ಇದೇ ಮನೆಗೆ ಬರುತ್ತೇವೆ. "ಹಾಂ, ಬಂತು ನೋಡು" ಅನ್ನುತ್ತಾರೆ.

ಹೋಗುವವರಿಗೆ ಇನ್ನೆರಡು ಮಾತು. ಮೊದಲ ದಿನವೇ ಆ ಐನೂರರ ಭೇಟಿಯನ್ನು ಕೇಳಿ ಬರೆಸಿ. ಕಾಯಿಲೆಯ ಹೆಸರು ಹೇಳುವ ದಿನ ಮನೆಯಿಂದ ಇಬ್ಬರು ಹೋಗಿ, ಒಬ್ಬರು ಬರೆದುಕೊಳ್ಳಲು. ಡಾಕ್ಟರು ನಿಮ್ಮ ಕಡೆಗೇ ಮಾತಾಡಿದರೆ, "ಅಪ್ಪಾಜಿಗೂ ಒಂದು ಮಾತು ಹೇಳಿ ಸಾರ್" ಅನ್ನಿ. ನಾನು ಎರಡನೇ ಸಲ ಹಂಗೇ ಅಂದೆ. ಅವರು ಪಾಪ ತಕ್ಷಣ ಕುರ್ಚಿ ತಿರುಗಿಸಿ, "ಏನ್ರೀ ಯಜಮಾನ್ರೆ, ಮಿಲ್ಲಲ್ಲಿ ಯಾವ ಖಾತೆ?" ಅಂತ ಕೇಳಿದರು. ಅಪ್ಪಾಜಿ ಆ ದಿನದ ಟೋಕನ್‌ಗಳನ್ನೆಲ್ಲ ಅರ್ಧ ಗಂಟೆ ತಡ ಮಾಡಿಸಿದರು.

ಮುಂದಿನ ಭೇಟಿ ಏಪ್ರಿಲ್‌ನಲ್ಲಿ. ನಾನು ಬರೆದುಕೊಟ್ಟ ಕನ್ನಡದ ಹಾಳೆಯನ್ನು ಅವರು ಅಷ್ಟರಲ್ಲಿ ಅಚ್ಚು ಹಾಕಿಸಿದ್ದರೆ ಇಲ್ಲಿ ಬಂದು ಅರ್ಧ ಸ್ಟಾರ್ ಏರಿಸುತ್ತೇನೆ. ಆ ರೂಮಿನ ಬಾಗಿಲು ರಿಪೇರಿ ಮಾಡಿಸಿದ್ದರೆ ಇನ್ನರ್ಧ.